ಮಂಡ್ಯದ ಹಳೆಯ ಬೆಲ್ಲದ ಮಂಡಿಯನ್ನು ತುಂಬು ಕುಟುಂಬದ ಮನೆಯಾಗಿ ಮಾಡಿಕೊಳ್ಳಬಹುದೇ? ಬಲ್ಲವರು ತಿಳಿಸಿ

ಮಂಡಿ ಮನೆಯ ಮೊಮ್ಮಗಳು, ಮಂಡ್ಯ

ಎಲ್ಲರಿಗೂ ನಮಸ್ಕಾರ. ಹಳೆಯ ಕಟ್ಟಡಗಳ ಕೆಲಸ ಬಲ್ಲವರು ಇಲ್ಲಿದ್ದೀರಿ ಎಂದು ಬರೆಯುತ್ತಿದ್ದೇನೆ. ಉದ್ದವಾಯಿತು ಎಂದುಕೊಳ್ಳದೆ ಓದಿ.

ಪೇಟೆ ಬೀದಿಯ ಆಸುಪಾಸಿನಲ್ಲಿ ನಮ್ಮ ತಾತ ಕಟ್ಟಿಸಿದ ಬೆಲ್ಲದ ಮಂಡಿ ಇದೆ. ನಾಲೆಯ ನೀರು ಬಂದು, 1933ರಲ್ಲಿ ಸಕ್ಕರೆ ಕಾರ್ಖಾನೆ ಶುರುವಾಗಿ, ರಾಗಿ ಬೆಳೆಯುತ್ತಿದ್ದ ಹೊಲಗಳು ಕಬ್ಬಿನ ಗದ್ದೆಗಳಾದ ಕಾಲ ಅದು. ಕಾರ್ಖಾನೆಗೆ ಹೋಗದ ಕಬ್ಬು ಆಲೆಮನೆಗೆ ಹೋಗುತ್ತಿತ್ತು, ಆಲೆಮನೆಯ ಬೆಲ್ಲ ಎತ್ತಿನ ಗಾಡಿಯಲ್ಲಿ ನಮ್ಮ ಮಂಡಿಗೆ ಬರುತ್ತಿತ್ತು. ವಹಿವಾಟು ಎಪಿಎಂಸಿ ಪ್ರಾಂಗಣಕ್ಕೆ ಹೋದ ಮೇಲೆ ಕೆಲವು ವರ್ಷ ರಸಗೊಬ್ಬರದ ಗೋದಾಮಿಗೆ ಬಾಡಿಗೆ ಕೊಟ್ಟಿದ್ದೆವು. ಈಗ ಬೀಗ ಹಾಕಿದೆ.

ಕಟ್ಟಡದ ಮುಂಭಾಗ 36 ಅಡಿ, ಉದ್ದ 110 ಅಡಿ. ಬೀದಿಗೆ ಜಗುಲಿ, ಅದರ ಹಿಂದೆ ಗದ್ದಿಗೆ ಹಾಕಿ ಲೆಕ್ಕ ಬರೆಯುತ್ತಿದ್ದ ಅಂಗಡಿ, ಆಮೇಲೆ ಒಂದರ ಹಿಂದೊಂದು ಎರಡು ಉದ್ದನೆಯ ದಾಸ್ತಾನು ಕೋಣೆ, ಕೊನೆಗೆ ಗಾಡಿ ನಿಲ್ಲುತ್ತಿದ್ದ ಹಿತ್ತಿಲು ಮತ್ತು ಬಾವಿ. ಗೋಡೆಗಳು ಇಟ್ಟಿಗೆ ಮತ್ತು ಸುಣ್ಣದ ಗಾರೆಯವು, ಎರಡು ಅಡಿಗೆ ಸ್ವಲ್ಪ ಕಡಿಮೆ ದಪ್ಪ. ಅಂಗಡಿಗೂ ಮೊದಲ ಕೋಣೆಗೂ ತೇಗದ ಜಂತೆಗಳ ಮೇಲೆ ಮದ್ರಾಸ್ ತಾರಸಿ. ಹಿಂದಿನ ಕೋಣೆಗೆ ಮಂಗಳೂರು ಹೆಂಚು. ಎತ್ತರ 14 ಅಡಿ. ಕಿಟಕಿ ಎಂಬುದೇ ಇಲ್ಲ. ಸೂರಿನ ಕೆಳಗೆ ಅಂಗೈಯಗಲದ ಬೆಳಕಿಂಡಿಗಳಿವೆ, ಅಷ್ಟೇ. ಬೀದಿ ಬಾಗಿಲಿಗೆ ಒಂದೊಂದಾಗಿ ತೆಗೆದಿಡುವ ಹಲಗೆಗಳು. ಯಾವುದರ ಪಕ್ಕ ಯಾವುದು ಎಂದು ತಿಳಿಯಲು ಪ್ರತಿ ಹಲಗೆಯ ಮೇಲೂ ಕನ್ನಡ ಅಂಕಿ ಬರೆದಿದ್ದಾರೆ.

ನಾವು ಒಟ್ಟು ಹನ್ನೊಂದು ಜನ. ಅಮ್ಮ, ದೊಡ್ಡಪ್ಪ, ದೊಡ್ಡಮ್ಮ, ಇಬ್ಬರು ತಮ್ಮಂದಿರ ಸಂಸಾರ, ನಾನು, ನನ್ನ ಯಜಮಾನರು, ಮಗಳು. ಈಗ ಮೂರು ಬಾಡಿಗೆ ಮನೆಗಳಲ್ಲಿ ಹಂಚಿಹೋಗಿದ್ದೇವೆ. ಒಂದೇ ಸೂರಿನಡಿ ಇರಬೇಕೆಂಬುದು ಎಲ್ಲರ ಆಸೆ. ದೊಡ್ಡಪ್ಪ ಹದಿನಾರನೆಯ ವಯಸ್ಸಿಗೇ ಆ ಮಂಡಿಯಲ್ಲಿ ತಕ್ಕಡಿ ಹಿಡಿದವರು. ಅದನ್ನು ಕೆಡವುವ ಮಾತು ಬಂದರೆ ಎದ್ದು ಹೊರಗೆ ಹೋಗುತ್ತಾರೆ. ನೆಂಟರೆಲ್ಲ ಹೇಳುವುದು ಒಂದೇ ಮಾತು: ಕೆಡವಿ ನಾಲ್ಕು ಅಂತಸ್ತು ಎಬ್ಬಿಸಿ, ಕೆಳಗೆ ಅಂಗಡಿ, ಮೇಲೆ ಮನೆ.

ತೊಂದರೆಗಳು ಇವು. ಗೋಡೆಗಳ ಬುಡ ಮೂರು ಅಡಿಯವರೆಗೆ ಕಪ್ಪಾಗಿದೆ, ಮಳೆಗಾಲದಲ್ಲಿ ಕೈಗೆ ಅಂಟುತ್ತದೆ, ಇರುವೆ ತಪ್ಪಿದ್ದಲ್ಲ. ಹಿಂದಿನ ಕೋಣೆಯಲ್ಲಿ ಅಂಟಿಗಿಂತ ಹೆಚ್ಚಾಗಿ ಬಿಳಿ ಪುಡಿ ಉದುರುತ್ತದೆ. ಮೊದಲ ಕೋಣೆಯ ತಾರಸಿ ಒಂದು ಮೂಲೆಯಲ್ಲಿ ಸೋರುತ್ತದೆ, ಅಲ್ಲಿ ಅರಳಿ ಸಸಿಯೂ ಬಂದಿದೆ. ನೋಡಲು ಬಂದ ಎಂಜಿನಿಯರ್ ಒಬ್ಬರು ಗೋಡೆಗೆಲ್ಲ ಸಿಮೆಂಟ್ ಗಿಲಾವು, ನೆಲಕ್ಕೆ ಕಾಂಕ್ರೀಟ್ ಹಾಕಿ ಟೈಲ್ಸ್, ತಾರಸಿಯ ಮೇಲೆ ನಾಲ್ಕು ಅಂಗುಲ ಕಾಂಕ್ರೀಟ್ ಎಂದು ಅಂದಾಜು ಕೊಟ್ಟಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ, ಆದರೆ ಒಪ್ಪದಿರುವುದಕ್ಕೆ ಕಾರಣ ಹೇಳುವಷ್ಟು ತಿಳಿವಳಿಕೆ ನನಗಿಲ್ಲ.

ಇನ್ನೊಂದು ವಿಷಯ. ಅಂಗಡಿಯ ನಡುವಿನ ತೊಲೆಯಲ್ಲಿ ದೊಡ್ಡ ತಕ್ಕಡಿ ತೂಗುಹಾಕುತ್ತಿದ್ದ ಕಬ್ಬಿಣದ ಕೊಕ್ಕೆ ಹಾಗೇ ಇದೆ. ಅದಕ್ಕೆ ತೂಗುಮಣೆ ಕಟ್ಟಬೇಕೆಂದು ಅಮ್ಮನ ಆಸೆ. ಕಟ್ಟಬಹುದೇ?

ಗಾರೆ ಕೆಲಸ, ಮೈಸೂರು

ನಮಸ್ಕಾರ ಮೇಡಂ. ನಮ್ಮದು ಮೂರು ತಲೆಮಾರಿನ ಗಾರೆ ಕೆಲಸ. ಮೈಸೂರಿನ ಸಂತೆಪೇಟೆ, ಅಗ್ರಹಾರದ ಕಡೆಯ ಹಳೆಯ ಮನೆಗಳನ್ನೇ ಹೆಚ್ಚಾಗಿ ಮಾಡುತ್ತೇನೆ. ನಿಮ್ಮ ಕಟ್ಟಡವನ್ನು ನೋಡದೆ ಪೂರ್ತಿ ಹೇಳಲಾಗದು. ಆದರೆ ಆ ಅಂದಾಜುಪಟ್ಟಿಗೆ ಮಾತ್ರ ದಯವಿಟ್ಟು ಒಪ್ಪಿಗೆ ಕೊಡಬೇಡಿ. ಏಕೆಂದು ಒಂದೊಂದಾಗಿ ಹೇಳುತ್ತೇನೆ.

ಮೊದಲು ನೆಲ. ಬೆಲ್ಲಕ್ಕೂ ಸಿಮೆಂಟಿಗೂ ಆಗುವುದಿಲ್ಲ. ಸಿಮೆಂಟಿನ ತೂಕದ ಸಾವಿರದಲ್ಲಿ ಒಂದು ಪಾಲು ಸಕ್ಕರೆ ಸೇರಿದರೂ ಅದು ಗಟ್ಟಿಯಾಗುವುದು ಬಹಳ ತಡವಾಗುತ್ತದೆ, ಪಾಲು ಹೆಚ್ಚಿದರೆ ಹಿಡಿತವೇ ಕೆಡುತ್ತದೆ. ಎಷ್ಟೋ ವರ್ಷ ಬೆಲ್ಲ ಕರಗಿ ಇಳಿದಿರುವ ನೆಲದ ಮೇಲೆ ಕಾಂಕ್ರೀಟ್ ಸುರಿದರೆ, ಬೆಲ್ಲ ತಾಗಿದಲ್ಲೆಲ್ಲ ಅದು ಕೂರದೆ ಪುಡಿಯಾಗಿ ಏಳುತ್ತದೆ. ಸುಣ್ಣದ ಗುಣ ಬೇರೆ. ಹಳಬರು ಗಾರೆ ಅರೆಯುವಾಗ ಬೆಲ್ಲದ ನೀರನ್ನೂ ಅಳಲೆಕಾಯಿ ನೆನೆಸಿದ ನೀರನ್ನೂ ಬೇಕೆಂದೇ ಹಾಕುತ್ತಿದ್ದರು. ಆದ್ದರಿಂದ ನಿಮ್ಮ ಗೋಡೆಯ ಗಾರೆಯನ್ನು ಬೆಲ್ಲ ಕೆಡಿಸಿದೆ ಎಂದು ಹೆದರಬೇಡಿ. ತೊಂದರೆ ಇರುವುದು ಬೆಲ್ಲ ಗಾಳಿಯ ತೇವವನ್ನು ಎಳೆದುಕೊಳ್ಳುವುದರಲ್ಲಿ. ನೆಲದಲ್ಲಿ ಅದು ಇರುವವರೆಗೂ ಪ್ರತಿ ಮಳೆಗಾಲ ಗೋಡೆಯ ಬುಡ ಬೆವರುತ್ತದೆ, ಇರುವೆಯೂ ಬರುತ್ತದೆ.

ಅದಕ್ಕೆ ನೆಲದ ಚಪ್ಪಡಿಗಳನ್ನು ಎಬ್ಬಿಸಿ. ಪ್ರತಿಯೊಂದಕ್ಕೂ ಸುಣ್ಣದಲ್ಲಿ ಗುರುತು ಬರೆದು ಹಿತ್ತಿಲಲ್ಲಿ ಜೋಡಿಸಿಡಿ, ಬಿಸಿನೀರು ಹಾಕಿ ಉಜ್ಜಿ. ಕೆಳಗಿನ ಮಣ್ಣನ್ನು ಒಂದೂವರೆ ಅಡಿ ತೆಗೆದು ಹೊರಗೆ ಸಾಗಿಸಿ. ಒಳಗೆ ನೀರು ಬಿಟ್ಟು ತೊಳೆಯುವ ಯೋಚನೆ ಬೇಡ, ಕರಗಿದ ಬೆಲ್ಲವೆಲ್ಲ ಗೋಡೆಯ ಬುಡಕ್ಕೆ ಸೇರುತ್ತದೆ. ತೆಗೆದ ಜಾಗಕ್ಕೆ ಜಲ್ಲಿ, ಅದರ ಮೇಲೆ ಸುಣ್ಣ ಮತ್ತು ಇಟ್ಟಿಗೆ ಚೂರಿನ ಗಚ್ಚು ಹಾಕಿ, ಅದೇ ಚಪ್ಪಡಿಗಳನ್ನು ಮತ್ತೆ ಹಾಸಿ.

ನನಗೆ ಬೆಲ್ಲಕ್ಕಿಂತ ಹೆಚ್ಚು ಚಿಂತೆ ರಸಗೊಬ್ಬರದ್ದು. ಹಿಂದಿನ ಕೋಣೆಯಲ್ಲಿ ಉದುರುವ ಬಿಳಿ ಪುಡಿ ಬಹುಶಃ ಗೊಬ್ಬರದ ಲವಣ. ಅದು ತೇವದಲ್ಲಿ ಕರಗಿ ಇಟ್ಟಿಗೆಯೊಳಗೆ ಹೋಗುತ್ತದೆ, ಒಣಗುವಾಗ ಹರಳುಗಟ್ಟಿ ಇಟ್ಟಿಗೆಯ ಮೈಯನ್ನೇ ಸೀಳುತ್ತದೆ. ಕಬ್ಬಿಣವನ್ನೂ ತಿನ್ನುತ್ತದೆ. ಆ ಕೋಣೆಯ ಗಿಲಾವನ್ನು ನಾಲ್ಕು ಅಡಿಯವರೆಗೆ ಪೂರ್ತಿ ಕೆರೆದು, ಒಂದು ಬೇಸಿಗೆ ಗೋಡೆಯನ್ನು ಬೆತ್ತಲೆ ಬಿಡಿ. ಪುಡಿ ಕಂಡಾಗಲೆಲ್ಲ ಒಣ ಬ್ರಷ್ಷಿನಿಂದ ಉಜ್ಜಿ, ಗುಡಿಸಿ ಹೊರಗೆ ಹಾಕಿ. ನೀರು ಮುಟ್ಟಿಸಬೇಡಿ. ಆಮೇಲೆ ಸುಣ್ಣದ ಗಿಲಾವು ಹಾಕಿಸಿ. ಮೊದಲ ಗಿಲಾವು ಲವಣ ಕುಡಿದು ಕೆಲವು ವರ್ಷಗಳಲ್ಲಿ ಉದುರಬಹುದು. ಉದುರಲಿ, ಇಟ್ಟಿಗೆಯ ಬದಲು ಗಿಲಾವು ಸಾಯುವುದು ಒಳ್ಳೆಯದು. ಸಿಮೆಂಟ್ ಬಳಿದರೆ ತೇವಕ್ಕೆ ಹೊರದಾರಿ ಇಲ್ಲದೆ ಇನ್ನೂ ಮೇಲಕ್ಕೆ ಏರುತ್ತದೆ. ಈಗ ಮೂರು ಅಡಿಗೆ ಕಾಣುವ ಕಪ್ಪು ಆರು ಅಡಿಗೆ ಹೋಗುತ್ತದೆ.

ಇನ್ನು ತಾರಸಿ. ನಾಲ್ಕು ಅಂಗುಲದ ಕಾಂಕ್ರೀಟ್ ಎಂದರೆ ಒಂದು ಚದರ ಮೀಟರಿಗೆ ಸುಮಾರು 240 ಕಿಲೋ. ಅಷ್ಟು ಭಾರವನ್ನು ಜಂತೆಗಳ ಮೇಲೆ ಹೇರಿ, ಸೋರಿಕೆ ನಿಂತಿತು ಎಂದುಕೊಂಡರೆ, ಒಳಗೆ ಜಂತೆಯ ತುದಿ ಕೊಳೆಯುವುದು ಯಾರಿಗೂ ಕಾಣುವುದಿಲ್ಲ. ಮದ್ರಾಸ್ ತಾರಸಿಯಲ್ಲಿ ತೆಳು ಇಟ್ಟಿಗೆಗಳನ್ನು ಅಡ್ಡಡ್ಡ ನಿಲ್ಲಿಸಿ, ಓರೆಯಾಗಿ ಒಂದಕ್ಕೊಂದು ಗಾರೆಯಲ್ಲಿ ಕಚ್ಚಿಸಿರುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರಿನ ಗಚ್ಚು, ಮೇಲೆ ಗಾರೆ ಅಥವಾ ಚಪ್ಪಟೆ ಬಿಲ್ಲೆ. ಸೋರುವ ಕಡೆ ಮೇಲಿನ ಪದರವನ್ನು ಮಾತ್ರ ತೆಗೆದು ಸುಣ್ಣ ಮತ್ತು ಸುರ್ಕಿ, ಅಂದರೆ ಇಟ್ಟಿಗೆ ಪುಡಿಯಲ್ಲಿ ಮತ್ತೆ ಹಾಕಿದರೆ ಸಾಕಾಗುತ್ತದೆ. ಜಂತೆಗಳು ನಡುವೆ ಮುರಿಯುವುದು ಅಪರೂಪ, ಗೋಡೆಯೊಳಗೆ ಹೂತ ತುದಿಯಲ್ಲಿಯೇ ಕೆಡುತ್ತವೆ. ದಬ್ಬಳ ತೆಗೆದುಕೊಂಡು ಪ್ರತಿ ಜಂತೆಯನ್ನೂ ಗೋಡೆಗೆ ಸೇರುವಲ್ಲಿ ಚುಚ್ಚಿ ನೋಡಿಸಿ. ಅರ್ಧ ಅಂಗುಲಕ್ಕಿಂತ ಸುಲಭವಾಗಿ ಒಳಗೆ ಹೋದರೆ ಗುರುತು ಹಾಕಿ.

ನೀರಿನ ಟ್ಯಾಂಕನ್ನು ಆ ತಾರಸಿಯ ಮೇಲೆ ಇಡಲೇಬೇಡಿ. ಸಾವಿರ ಲೀಟರ್ ಎಂದರೆ ಒಂದು ಟನ್. ಹಿತ್ತಿಲಲ್ಲಿ ಬೇರೆಯೇ ಕಂಬ ಎಬ್ಬಿಸಿ. ಬಚ್ಚಲು, ಶೌಚಾಲಯ, ಬಟ್ಟೆ ಒಗೆಯುವ ಜಾಗ ಎಲ್ಲವೂ ಹಿತ್ತಿಲ ಕಡೆ ಹೊಸದಾಗಿ ಕಟ್ಟುವ ಭಾಗದಲ್ಲಿರಲಿ. ಮಂಡಿ ಕಟ್ಟಿದವರು ಸರಕು ಒಣಗಿರಬೇಕೆಂದು ಕಟ್ಟಿದ್ದಾರೆ. ಅದರೊಳಗೆ ಹನ್ನೊಂದು ಜನ ದಿನವೂ ಬಳಸುವ ನೀರನ್ನು ತಂದಿಡುತ್ತಿದ್ದೀರಿ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಮೊದಲು ತೀರ್ಮಾನಿಸಿ, ಬಣ್ಣ ಬಾಗಿಲುಗಳ ಮಾತು ಆಮೇಲೆ.

ಕೊಕ್ಕೆಯ ವಿಷಯ. ತಕ್ಕಡಿಯ ಭಾರ ನೇರವಾಗಿ ಕೆಳಕ್ಕೆ ಇರುತ್ತದೆ. ತೂಗುಮಣೆ ಹಿಂದೆ ಮುಂದೆ ಜಗ್ಗುತ್ತದೆ, ಅದರ ಎಳೆತವೇ ಬೇರೆ. ತೊಲೆಯ ಎರಡೂ ತುದಿ ಗಟ್ಟಿಯಿದ್ದರೆ ಕಟ್ಟಬಹುದು. ಆದರೆ ಒಂದೇ ಕೊಕ್ಕೆಗಲ್ಲ, ತೊಲೆಯನ್ನು ಸುತ್ತಿ ಹಿಡಿಯುವ ಎರಡು ಕಬ್ಬಿಣದ ಪಟ್ಟಿ ಹಾಕಿಸಿ, ಅದಕ್ಕೆ ಸರಪಳಿ. ಹಳೆಯ ಕೊಕ್ಕೆಯನ್ನು ಇದ್ದ ಹಾಗೆಯೇ ಬಿಡಿ.

ಸಂತೆಪೇಟೆ ಅಕ್ಕ, ಮೈಸೂರು

ತಂಗಿ, ನಾನು ಇಂಥದೇ ಕಟ್ಟಡದಲ್ಲಿ ಸಂಸಾರ ಮಾಡುತ್ತಿರುವವಳು. ನನ್ನ ಮಾವನವರ ಕಾಲದಲ್ಲಿ ಅದು ಸಗಟು ದಿನಸಿ ಅಂಗಡಿ. ಮೇಲಿನವರು ಗೋಡೆ, ತಾರಸಿಯ ಬಗ್ಗೆ ಹೇಳಿದ್ದಾರೆ. ನಾನು ಬದುಕುವುದರ ಬಗ್ಗೆ ಹೇಳುತ್ತೇನೆ.

ಕತ್ತಲೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 110 ಅಡಿ ಉದ್ದದ ಕಟ್ಟಡದಲ್ಲಿ ಎರಡು ತುದಿಗೆ ಮಾತ್ರ ಬೆಳಕಿದ್ದರೆ ನಡುವಿನ ಕೋಣೆಗಳಲ್ಲಿ ಮಧ್ಯಾಹ್ನವೂ ದೀಪ ಬೇಕು. ವಯಸ್ಸಾದವರು ಅಲ್ಲಿ ಕೂರುವುದೇ ಇಲ್ಲ. ಮನೆಯವರೆಲ್ಲ ಜಗುಲಿಗೆ ಬಂದು ಸೇರುತ್ತಾರೆ, ಒಳಗಿನ ಅಷ್ಟು ದೊಡ್ಡ ಜಾಗ ಸಾಮಾನು ತುಂಬುವ ಕೋಣೆಯಾಗುತ್ತದೆ. ಮತ್ತೆ ಗೋದಾಮೇ ಆಯಿತಲ್ಲ.

ನಿಮ್ಮ ಮೊದಲ ಕೋಣೆಯ ತಾರಸಿ ಒಂದು ಮೂಲೆಯಲ್ಲಿ ಕೆಟ್ಟಿದೆ ಎಂದಿರಿ. ಅಲ್ಲಿನ ಜಂತೆಗಳನ್ನು ಹೇಗೂ ತೆಗೆಯಬೇಕಾಗಿ ಬಂದರೆ, ಮತ್ತೆ ಮುಚ್ಚದೆ ಅಷ್ಟು ಜಾಗವನ್ನು ತೊಟ್ಟಿ ಮಾಡಿಕೊಳ್ಳಿ. ನಾವು ಹಾಗೆಯೇ ಮಾಡಿದೆವು. ಹತ್ತು ಅಡಿ ಚೌಕ ಆಕಾಶ ಕಂಡರೂ ಸಾಕು, ಸುತ್ತಲಿನ ನಾಲ್ಕು ಕೋಣೆಗೆ ಗಾಳಿ ಬೆಳಕು ಬರುತ್ತದೆ. ಮೇಲೆ ಕಬ್ಬಿಣದ ಜಾಲರಿ ಹಾಕಿಸಿ, ಇಲ್ಲದಿದ್ದರೆ ಕೋತಿಗಳು ನೇರ ಅಡುಗೆಮನೆಗೆ ಇಳಿಯುತ್ತವೆ. ತೊಟ್ಟಿಯ ನೀರು ಹೋಗುವ ಚರಂಡಿ ಅಗಲವಾಗಿರಲಿ, ಜೂನ್‌ಗೆ ಮುಂಚೆ ಒಮ್ಮೆ, ಅಕ್ಟೋಬರಿನ ಹಿಂಗಾರಿಗೆ ಮುಂಚೆ ಒಮ್ಮೆ ತೆಗೆಸಿ. ಹೆಂಚಿನ ಕೋಣೆಗೆ ಅಲ್ಲಲ್ಲಿ ಗಾಜಿನ ಹೆಂಚು ಹಾಕಿಸಿದರೆ ಖರ್ಚೂ ಕಡಿಮೆ.

ಗೋಡೆಗೆ ಹೊಸ ಕಿಟಕಿ ಒಡೆಯುವಾಗ ಸಾಲಾಗಿ ಒಡೆಸಬೇಡಿ. ಒಂದನ್ನು ಒಡೆದು, ಮೇಲೆ ಕಲ್ಲಿನ ಅಥವಾ ಮರದ ತೊಲೆ ಕೂರಿಸಿ, ಗಾರೆ ಗಟ್ಟಿಯಾದ ಮೇಲೆ ಇನ್ನೊಂದು. ಸುಣ್ಣ ನಿಧಾನವಾಗಿ ಗಟ್ಟಿಯಾಗುವುದು, ಕೆಲಸಗಾರರನ್ನು ಅವಸರಪಡಿಸಬೇಡಿ.

ಕೋಣೆಗಳನ್ನು ಹಂಚುವಾಗ ನಿಮ್ಮ ದೊಡ್ಡಪ್ಪನವರಿಗೆ ಬೀದಿ ಕಡೆಯ ಅಂಗಡಿ ಭಾಗವನ್ನೇ ಕೊಡಿ. ನಲವತ್ತು ವರ್ಷ ಬೀದಿ ನೋಡಿ ಕುಳಿತವರಿಗೆ ಒಳಕೋಣೆ ಹಿಡಿಸುವುದಿಲ್ಲ. ಮಕ್ಕಳು ಓದುವ, ಮಲಗುವ ಜಾಗ ಹಿಂದಕ್ಕಿರಲಿ, ಆ ದಪ್ಪ ಗೋಡೆ ದಾಟಿ ಬಸ್ಸಿನ ಹಾರ್ನ್ ಕೇಳುವುದಿಲ್ಲ. ಏಪ್ರಿಲ್‌ನಲ್ಲಿಯೂ ನಮ್ಮ ಒಳಮನೆಗೆ ಫ್ಯಾನ್ ಸಾಕಾಗುತ್ತದೆ. 14 ಅಡಿ ಎತ್ತರ ಇದೆ ಎಂದು ನಡುವೆ ಅಟ್ಟ ಕಟ್ಟಿ ಎರಡು ಅಂತಸ್ತು ಮಾಡಲು ಯಾರಾದರೂ ಹೇಳುತ್ತಾರೆ. ಮಾಡಬೇಡಿ, ಆ ಎತ್ತರದಿಂದಲೇ ಮನೆ ತಂಪಾಗಿರುವುದು.

ಹಲಗೆ ಬಾಗಿಲನ್ನು ಹಳೆಯ ಮರದ ವ್ಯಾಪಾರಿಗಳು ಕೇಳಿಕೊಂಡು ಬರುತ್ತಾರೆ. ಎಷ್ಟು ಕೊಟ್ಟರೂ ಕೊಡಬೇಡಿ. ಅವುಗಳ ಹಿಂದೆ ಒಂದು ಗಟ್ಟಿ ಬಾಗಿಲು, ಸರಳು ಹಾಕಿದ ಕಿಟಕಿ ಇಡಿಸಿ. ಹಗಲು ಹಲಗೆ ತೆಗೆದರೆ ಬೆಳಕು, ರಾತ್ರಿ ಹಾಕಿದರೆ ಭದ್ರ.

ನಿವೃತ್ತ ಕಂದಾಯ ನೌಕರ, ಮಂಡ್ಯ

ಗಾರೆಗೆ ಕೈ ಹಾಕುವ ಮೊದಲು ಕಾಗದ ಸರಿಮಾಡಿಕೊಳ್ಳಿ ತಾಯಿ. ತಾತ ಸ್ವಂತ ದುಡಿಮೆಯಲ್ಲಿ ಕಟ್ಟಿಸಿ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಉಯಿಲು ಬರೆಯದೆ ತೀರಿಕೊಂಡಿದ್ದರೆ, ಅವರ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲಿದೆ. ನಿಮ್ಮ ಸೋದರತ್ತೆಯರು ಇದ್ದರೆ ಅವರ ಬಳಿ ಹೋಗಿ ಮಾತನಾಡಿ. ಅವರು ಬಿಟ್ಟುಕೊಡುವುದಾದರೆ ಹಕ್ಕು ಖುಲಾಸೆ ಪತ್ರ, ಪಾಲು ಕೇಳಿದರೆ ವಿಭಾಗ ಪತ್ರ, ಎರಡೂ ನೋಂದಣಿ ಆಗಬೇಕು. ಮನೆ ಚೆನ್ನಾಗಿ ಆದ ಮೇಲೆ ಕೇಳುವುದಕ್ಕಿಂತ ಪಾಳು ಬಿದ್ದಿರುವಾಗ ಕೇಳುವುದೇ ಇಬ್ಬರಿಗೂ ಮರ್ಯಾದೆ.

ಆಮೇಲೆ ಖಾತೆ. ವಾಣಿಜ್ಯ ಎಂದು ನಮೂದಾಗಿರುವುದನ್ನು ವಾಸದ ಬಳಕೆಗೆ ಬದಲಿಸಲು ಅರ್ಜಿ ಕೊಡಿ, ತೆರಿಗೆಯೂ ಇಳಿಯುತ್ತದೆ. ಚೆಸ್ಕಾಂನಲ್ಲಿ ವಾಣಿಜ್ಯ ದರದ ಮೀಟರನ್ನು ಗೃಹಬಳಕೆಗೆ ಬದಲಿಸಿಕೊಳ್ಳಿ. 2023ರಲ್ಲಿ ಬಂದ ಗೃಹಜ್ಯೋತಿ ಗೃಹಬಳಕೆಯ ಸಂಪರ್ಕಕ್ಕೆ ಮಾತ್ರ. ಗೋಡೆ ಒಡೆಯುವುದಕ್ಕೂ ಹಿತ್ತಿಲಲ್ಲಿ ಹೊಸದಾಗಿ ಕಟ್ಟುವುದಕ್ಕೂ ನಕ್ಷೆ ಮಂಜೂರಾತಿ ಬೇಕಾಗುತ್ತದೆ.

ಅಶೋಕಪುರಂ ಎಂಜಿನಿಯರ್, ಮೈಸೂರು

ನಾನು ವಿರುದ್ಧವಾಗಿ ಹೇಳುತ್ತಿದ್ದೇನೆ, ಬೇಸರ ಬೇಡ. 2012ರ ಆಗಸ್ಟ್‌ನಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರ ಬಿತ್ತು. ಎರಡೂ ಇದೇ ಇಟ್ಟಿಗೆ, ಗಾರೆ, ಮರದ ಕಟ್ಟಡಗಳು. ಅಭಿಮಾನದ ಮೇಲೆ ಮಕ್ಕಳನ್ನು ಮಲಗಿಸಲಾಗದು. ಸ್ಟ್ರಕ್ಚರಲ್ ಎಂಜಿನಿಯರ್ ಲಿಖಿತ ವರದಿ ಕೊಡದೆ ಒಂದು ರಾತ್ರಿಯೂ ಅಲ್ಲಿ ಉಳಿಯಬೇಡಿ. ವರದಿ ಕೆಟ್ಟದಾಗಿ ಬಂದರೆ ಕೆಡವಲು ಮನಸ್ಸು ಸಿದ್ಧವಿರಲಿ.

ಗಾರೆ ಕೆಲಸ, ಮೈಸೂರು

ಸರ್ ಹೇಳಿದ್ದರಲ್ಲಿ ವರದಿಯ ಮಾತನ್ನು ನಾನೂ ಒಪ್ಪುತ್ತೇನೆ. ಹಳೆಯ ಕಟ್ಟಡದ ಕೆಲಸ ಮಾಡಿದ ಎಂಜಿನಿಯರನ್ನೇ ಹಿಡಿಯಿರಿ. ಆದರೆ ಆ ಎರಡು ಕಟ್ಟಡಗಳ ಹೆಸರು ಹೇಳಿ ಗಾರೆಯನ್ನೇ ದೂರುವುದು ನನಗೆ ನೋವಾಗುತ್ತದೆ. ಇವು ದಿನವೂ ಸಾವಿರಾರು ಜನ ಬಳಸಿದ ಕಟ್ಟಡಗಳು. ಸೋರುವ ಸೂರನ್ನು ವರ್ಷಗಟ್ಟಲೆ ಹಾಗೇ ಬಿಟ್ಟರೆ, ನೀರು ಕುಡಿದ ಗಚ್ಚಿನ ಭಾರ, ಕೊಳೆತ ಜಂತೆ, ಗಿಡದ ಬೇರು ಮೂರೂ ಮಳೆಗಾಲದಲ್ಲಿ ಒಟ್ಟಿಗೆ ಸೇರುತ್ತವೆ. ವರ್ಷಕ್ಕೊಮ್ಮೆ ಯಾರಾದರೂ ಮೇಲೆ ಹತ್ತಿ ನೋಡುವ ಸುಣ್ಣದ ಕಟ್ಟಡ ಹಾಗೆ ಹೋಗುವುದಿಲ್ಲ. ಮನೆಯವರು ವಾಸವಿದ್ದರೆ ನೋಡುತ್ತಾರೆ, ಬೀಗ ಹಾಕಿದ ಗೋದಾಮನ್ನು ಯಾರೂ ನೋಡುವುದಿಲ್ಲ.

ಮಂಡಿ ಮನೆಯ ಮೊಮ್ಮಗಳು, ಮಂಡ್ಯ

ಎಲ್ಲರಿಗೂ ಕೈಮುಗಿಯುತ್ತೇನೆ. ನಿನ್ನೆ ರಾತ್ರಿ ಇದನ್ನೆಲ್ಲ ಮನೆಯಲ್ಲಿ ಗಟ್ಟಿಯಾಗಿ ಓದಿದೆ. ದೊಡ್ಡಪ್ಪ ತೊಟ್ಟಿಯ ಮಾತಿಗೆ ಮೊದಲು ಮುಖ ಗಂಟು ಹಾಕಿದರು. ಸೂರು ತೆಗೆದರೆ ಮಂಡಿ ಏನುಳಿಯಿತು ಎಂದರು. ಆ ಮೂಲೆಯ ಜಂತೆ ತಮ್ಮ ಕಾಲದಲ್ಲಿಯೇ ಒಮ್ಮೆ ಬದಲಾಗಿತ್ತೆಂದು ಆಮೇಲೆ ತಾವೇ ನೆನಪಿಸಿಕೊಂಡು, ಆಗಲಿ ಎಂದಿದ್ದಾರೆ.

ಮೈಸೂರಿನಲ್ಲಿ ಒಬ್ಬರು, ಕೊಳ್ಳೇಗಾಲದಲ್ಲಿ ಒಬ್ಬರು, ಹೀಗೆ ಇಬ್ಬರು ಸೋದರತ್ತೆಯರಿದ್ದಾರೆ. ಅಮ್ಮ ಮತ್ತು ನಾನು ಈ ವಾರವೇ ಹೋಗಿ ಮಾತನಾಡುತ್ತೇವೆ. ಯುಗಾದಿ, ಗೌರಿ ಹಬ್ಬಕ್ಕೆ ಬಂದು ಉಳಿಯಲು ಅವರಿಗೊಂದು ಕೋಣೆ ಇರಲೇಬೇಕು ಎಂದು ಅಮ್ಮ ಈಗಲೇ ಹೇಳಿಬಿಟ್ಟಿದ್ದಾರೆ. ಲಿಖಿತ ವರದಿ ಕೈಗೆ ಬರುವವರೆಗೆ ಯಾರೂ ಅಲ್ಲಿ ಮಲಗುವುದಿಲ್ಲ, ಆ ಎಂಜಿನಿಯರ್ ಸರ್‌ಗೆ ಇದು ನನ್ನ ಮಾತು.

ಗಾರೆ ಕೆಲಸದವರಲ್ಲಿ ಒಂದು ಪ್ರಶ್ನೆ. ಬೇಸಿಗೆಯಲ್ಲಿ ಗೋಡೆ ಒಣಗಲು ಬಿಡಬೇಕೆಂದರೆ ಕೆಲಸ ಈಗಲೇ ಶುರುವಾಗಬೇಕಲ್ಲವೇ? ನೀವು ಬಂದು ನೋಡುವಿರಾ? ಅಷ್ಟರಲ್ಲಿ ನಾವು ಏನು ಮಾಡಿಟ್ಟಿರಬೇಕು?

ಗಾರೆ ಕೆಲಸ, ಮೈಸೂರು

ಬರುವ ಭಾನುವಾರ ಬೆಳಿಗ್ಗೆ ಬರುತ್ತೇನೆ ಮೇಡಂ, ದೊಡ್ಡಪ್ಪನವರೂ ಇರಲಿ. ಯಾವ ಗೋಡೆ ಯಾವಾಗ ಸೇರಿಸಿದ್ದು, ಎಲ್ಲಿ ಗೊಬ್ಬರ ಇಡುತ್ತಿದ್ದರು, ಬಾವಿಯ ನೀರು ಯಾವ ಮಟ್ಟಕ್ಕೆ ಏರುತ್ತಿತ್ತು ಎಂದು ಅವರನ್ನೇ ಕೇಳಬೇಕು. ಸುಣ್ಣ ಈಗಲೇ ತರಿಸಿ ಗುಂಡಿಯಲ್ಲಿ ನೀರು ಹಾಕಿ ಅರಳಿಸಿಡಿ, ಮೇಲೆ ಸದಾ ನೀರು ನಿಂತಿರಲಿ. ಎಷ್ಟು ದಿನ ನೆನೆದರೆ ಅಷ್ಟು ಒಳ್ಳೆಯದು. ಮಕ್ಕಳು ಹತ್ತಿರ ಹೋಗದಂತೆ ಬೇಲಿ ಕಟ್ಟಿ, ಅರಳುವಾಗ ಕುದಿಯುತ್ತದೆ.

ತಾರಸಿಯ ಮೇಲಿನ ಅರಳಿ ಸಸಿಯನ್ನು ಮಾತ್ರ ಯಾರೂ ಎಳೆದು ಕೀಳಬಾರದು. ಬೇರಿನ ಜೊತೆ ಗಚ್ಚೂ ಎದ್ದು ಬರುತ್ತದೆ. ಬುಡದಲ್ಲಿ ಕತ್ತರಿಸಿ ಬಿಡಿ, ಬೇರನ್ನು ನಾನು ಬಂದು ನೋಡುತ್ತೇನೆ.